ಹೇಳಿದ ದಿನವೇ ನಿಂತ ಗಂಗೆ

ಆರ್.ಕೆ.ಪುರಂ

ಊರಿನಲ್ಲಿರುವ ನನ್ನ ತಂಗಿ ವರ್ಷಕ್ಕೊಮ್ಮೆಯಾದರೂ ಫೋನಿನಲ್ಲಿ ಕೇಳುತ್ತಾಳೆ: "ಅಕ್ಕ, ಭಾವ ಅಷ್ಟು ದೊಡ್ಡ ಆಫೀಸಿನಲ್ಲಿದ್ದಾರೆ, ನಿನ್ನನ್ನ ಒಂದು ಸಲನಾದ್ರೂ ಫಾರಿನ್‌ಗೆ ಕರ್ಕೊಂಡು ಹೋಗ್ಲಿಲ್ವಾ?" ಈ ವರ್ಷ ಅವಳಿಗೆ ಉತ್ತರ ಸಿಕ್ಕಿದೆ. ಕರೆದುಕೊಂಡು ಹೋದರು. ಯಮುನೆ ದಾಟಿಸಿ, ಗಾಜಿಯಾಬಾದ್ ದಾಟಿಸಿ, ಉತ್ತರ ಪ್ರದೇಶದ ಕಬ್ಬಿನ ಗದ್ದೆಗಳ ನಡುವೆ ಎರಡು ರಾತ್ರಿ ಟೆಂಟಿನಲ್ಲಿ ಮಲಗಿಸಿದರು. ದಕ್ಷಿಣ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ನಮ್ಮಂಥವರಿಗೆ ಯಮುನೆಯ ಆಚೆ ದಡವೆಂದರೆ ಪರದೇಶವೇ. ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಯಜಮಾನರಿಗೆ ನೀರಾವರಿಗೆ ಸಂಬಂಧಿಸಿದ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ದೇಶದಲ್ಲಿರುವ ನಾಲೆಗಳಲ್ಲಿ ಅರ್ಧದಷ್ಟನ್ನಾದರೂ ಕಾಗದದ ಮೇಲೆ ಹರಿಸಿದ್ದಾರೆ. ಆದರೆ ಒಂದು ನಾಲೆಯ ನೀರಿಗೂ ಕಾಲಿಟ್ಟವರಲ್ಲ. ನಾನು ಮದ್ದೂರಿನ ಕಡೆಯವಳು. ನಾಲೆಯಲ್ಲಿ ಈಜಿ, ನಾಲೆಯಲ್ಲಿ ಬಟ್ಟೆ ಒಗೆದು ಬೆಳೆದವಳು. ಅವರು ಬಸವನಗುಡಿಯವರು, ನಲ್ಲಿ ನೀರಿನವರು.

ಆ ನಕ್ಷೆಗಳಲ್ಲಿ ಒಂದರ ಮೇಲೆ ಅವರಿಗೆ ಮೊದಲಿನಿಂದಲೂ ಮೋಹ. ಹರಿದ್ವಾರದಲ್ಲಿ ಗಂಗೆಯಿಂದ ತಿರುಗಿಸಿಕೊಂಡ ನೀರನ್ನು ಬಯಲಿಗೆ ತರುವ ಗಂಗಾ ನಾಲೆ ಬ್ರಿಟಿಷರ ಕಾಲದ್ದು. ಆಗ ಅದರಲ್ಲಿ ಸರಕಿನ ದೋಣಿಗಳೂ ಓಡಾಡುತ್ತಿದ್ದವಂತೆ. ನಾಲೆಯ ನೀರು ಮೇಲಿನ ಮಟ್ಟದಿಂದ ಕೆಳಗೆ ಧುಮುಕುವ ಕಡೆ, ದೋಣಿಗಳು ಉರುಳದಿರಲಿ ಎಂದು ಪಕ್ಕದಲ್ಲಿ ಇಟ್ಟಿಗೆಯ ಆಳವಾದ ಕೋಣೆಯೊಂದನ್ನು ಕಟ್ಟಿದ್ದಾರೆ. ಅದಕ್ಕೆ ಲಾಕ್ ಎನ್ನುತ್ತಾರೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ಇಳಿಸಿದರೆ ದೋಣಿಯೂ ಮೆಲ್ಲಗೆ ಇಳಿಯುತ್ತದೆ. ಮುರಾದ್‌ನಗರದ ಕೆಳಗೆ ಅಂಥದೊಂದು ಲಾಕ್ ಇದೆ. ಹರಿದ ಹಳೆಯ ನಕ್ಷೆ ನೋಡಿ ಹೊಸ ಹಾಳೆಗೆ ಅದನ್ನು ಇವರು ಎಷ್ಟು ಸಲ ಇಳಿಸಿದ್ದಾರೋ ಅವರಿಗೇ ನೆನಪಿಲ್ಲ. ಒಂದು ಸಲವೂ ಕಣ್ಣಾರೆ ಕಂಡಿಲ್ಲ. ಬರುವ ಮಾರ್ಚಿಗೆ ನಿವೃತ್ತಿ. ಕ್ವಾರ್ಟರ್ಸ್ ಬಿಟ್ಟು ಬೆಂಗಳೂರಿಗೆ ಹೊರಡಬೇಕು.

"ಅದಕ್ಕೆ ಮುಂಚೆ ಅದನ್ನ ಒಂದು ಸಲ ನೋಡ್ಬೇಕು ಕಣೇ" ಎಂದರು.

"ನೋಡಿ, ಯಾರು ಬೇಡ ಅಂದ್ರು? ಟ್ಯಾಕ್ಸಿ ಮಾಡ್ಕೊಂಡು ಹೋಗಿ, ಸಾಯಂಕಾಲಕ್ಕೆ ಬನ್ನಿ."

"ಅದು ದೋಣಿಗೆ ಕಟ್ಟಿದ್ದು, ಟ್ಯಾಕ್ಸಿಗಲ್ಲ. ನೀರಿನ ಮೇಲೇ ಹೋಗ್ಬೇಕು."

ಇಂಥ ಮಾತಿಗೆ ಗಾಳಿ ಹಾಕುವುದಕ್ಕೆ ಒಬ್ಬರು ಬೇಕಲ್ಲ, ಕರ್ನಲ್ ಬೆಳ್ಯಪ್ಪ ಇದ್ದರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ನೋಯ್ಡಾದಲ್ಲಿ ಮನೆ ಮಾಡಿದ್ದಾರೆ. ಅವರ ಗ್ಯಾರೇಜಿನಲ್ಲಿ ಇಬ್ಬರು ಕೂರುವ ಕಯಾಕ್ ಇತ್ತು. ಕಯಾಕ್ ಎಂದರೆ ಬಾಳೆಕಾಯಿಯಂತೆ ಉದ್ದಕ್ಕೆ, ತೆಳ್ಳಗೆ ಇರುವ ಪುಟ್ಟ ದೋಣಿ. ಒಂದೇ ಕೋಲು, ಅದರ ಎರಡೂ ತುದಿಗೆ ಸೌಟಿನಂಥ ಅಗಲ, ಅದೇ ಹುಟ್ಟು. ಕಾಲು ನೀಡಿ ಕುಳಿತರೆ ಸೊಂಟದವರೆಗೆ ದೋಣಿಯೊಳಗೆ. ಟೆಂಟನ್ನೂ ಅದರೊಳಗೇ ತುರುಕಿಕೊಂಡು, ಸಂಜೆಯಾದ ಕಡೆ ದಡಕ್ಕೆ ಹತ್ತಿ ಬಿಡಾರ ಹೂಡುವುದಂತೆ.

"ತುಂಬಾ ಸಿಂಪಲ್ ಸಿಸ್ಟರ್" ಎಂದರು ಕರ್ನಲ್. "ನೀರು ತಾನೇ ಕರ್ಕೊಂಡು ಹೋಗುತ್ತೆ. ಒಂದೇ ವಿಷಯ, ಸೀರೆ ಬೇಡ. ಮಗುಚಿತು ಅಂದ್ರೆ ಆರು ಗಜ ನಿಮ್ಮನ್ನ ಕಟ್ಟಿ ಹಾಕುತ್ತೆ."

ನಾನು ಒಪ್ಪುವ ಹೆಂಗಸಲ್ಲ. ಆದರೆ ನಮ್ಮವರು ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದಾರೆ, ಎಲ್ಲಿ ಒತ್ತಿದರೆ ಬಾಗಿಲು ತೆರೆಯುತ್ತದೆಂದು ಗೊತ್ತು. "ವಿಜಯದಶಮಿ ದಿನ ಊರಿನ ಗಡಿ ದಾಟಿ ಸೀಮೋಲ್ಲಂಘನ ಮಾಡ್ಬೇಕು ಅಂತ ನೀನೇ ಹೇಳ್ತೀಯ. ಅವತ್ತೇ ಹೊರಡೋಣ. ಮಾರನೇ ದಿನ ಏಕಾದಶಿ. ಉಪವಾಸ ಇದ್ದು ಗಂಗಾಸ್ನಾನ ಮಾಡು. ದ್ವಾದಶಿ ಬೆಳಿಗ್ಗೆ ಮತ್ತೊಂದು ಸ್ನಾನ ಮಾಡಿ ಅಲ್ಲೇ ಪಾರಣೆ. ನಾಲೆಯಲ್ಲಿದ್ರೂ ಗಂಗೆ ಗಂಗೆಯೇ ತಾನೆ?"

ಏಕಾದಶಿಗೆ ಗಂಗೆ. ನಾನು ಕರೋಲ್ ಬಾಗಿಗೆ ಹೋಗಿ ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲನೆಯ ಸಲ್ವಾರ್ ಕಮೀಜ್ ಹೊಲಿಸಿಕೊಂಡು ಬಂದೆ.

ಕಾಲೇಜಿನಲ್ಲಿ ಓದುವ ಮಗಳು ಶ್ರುತಿ ನನ್ನನ್ನು ಆ ವೇಷದಲ್ಲಿ ನೋಡಿ ಸೋಫಾದಿಂದ ಎದ್ದು ನಿಂತಳು. "ಮಮ್ಮಿ! ಯು, ಇನ್ ಎ ಕಯಾಕ್? ಫೋಟೋ ಜರೂರ್ ಲೇನಾ!"

"ಕನ್ನಡದಲ್ಲಿ ಹೇಳೇ."

"ಫೋಟೋ... ತಗೋ. ತಗೊಳ್ಳಿ. ಹಾಂ?"

ದಸರೆಯ ಬೊಂಬೆಗಳನ್ನು ಸಂಜೆ ಮಲಗಿಸುವ ಕೆಲಸವನ್ನು ಈ ಕನ್ನಡದವಳಿಗೆ ವಹಿಸಿ ಹೊರಟೆ.

ಮುರಾದ್‌ನಗರ

ಕರ್ನಲ್ ತಮ್ಮ ವ್ಯಾನಿನ ಮೇಲೆ ಕಯಾಕ್ ಕಟ್ಟಿಕೊಂಡು ನಮ್ಮನ್ನು ನಾಲೆಯ ದಂಡೆಗೆ ತಂದು ಬಿಟ್ಟರು. ಎಷ್ಟು ಅಗಲದ ನೀರು! ನಮ್ಮ ಮದ್ದೂರಿನ ನಾಲೆ ಇದರ ಮುಂದೆ ಮೋರಿ. ಹಸಿರು ಬೆರೆತ ಬೂದಿ ಬಣ್ಣ, ಸದ್ದಿಲ್ಲದ ಸೆಳೆತ.

ಗಂಗೆಗೆ ಕಾಲಿಡುವ ಮೊದಲು ತಲೆಗೆ ನೀರು ಮುಟ್ಟಿಸಿಕೊಳ್ಳಬೇಕು. ನಾನು ಬಗ್ಗಿ ಅದನ್ನು ಮಾಡುತ್ತಿರುವಾಗಲೇ ನಮ್ಮವರು ಶೂ ಸಮೇತ ಧಡಾರನೆ ನೀರಿಗಿಳಿದು ದೋಣಿ ಹಿಡಿದುಕೊಂಡರು. "ರೀ, ಶೂ!" ಎಂದೆ. "ಈಗ ಬೇಡ ಕಣೇ, ಬ್ಯಾಲೆನ್ಸ್ ನೋಡು" ಎಂದರು. ಮೊದಲ ನಿಮಿಷದಲ್ಲೇ ಅಪಚಾರ. ಕಿತ್ತಳೆ ಬಣ್ಣದ ತೇಲು ಜಾಕೀಟಿನಲ್ಲಿ ನನ್ನನ್ನು ಮೂಟೆಯಂತೆ ಬಿಗಿದು ಮುಂದೆ ಕೂರಿಸಿದರು.

ದಂಡೆಯಲ್ಲಿ ಅಷ್ಟು ಹೊತ್ತಿಗೆ ಮೂವತ್ತು ಜನ ಸೇರಿದ್ದರು. ಅದರಲ್ಲಿ ಬೀಡಿ ಸೇದುತ್ತಿದ್ದ ಒಬ್ಬರು ಬಹಳ ಗಂಭೀರವಾಗಿ ನಮ್ಮವರನ್ನು ಕೇಳಿದರು: "ಬಾಬೂಜಿ, ಬೇಚ್ ಕ್ಯಾ ರಹೇ ಹೋ?" ಏನು ಮಾರುತ್ತಿದ್ದೀರಿ ಎಂದು! ಏನೂ ಮಾರುತ್ತಿಲ್ಲ, ಸುಮ್ಮನೆ ಹೋಗುತ್ತಿದ್ದೇವೆ ಎಂದರೆ ಅವರಿಗೆ ನಂಬಿಕೆಯಿಲ್ಲ. ಇಷ್ಟು ವಯಸ್ಸಿನ ಗಂಡಹೆಂಡಿರು ಸುಮ್ಮನೆ ನೀರಿನ ಮೇಲೆ ಹೋಗುತ್ತಾರೆಯೇ? ಅವರ ಪ್ರಶ್ನೆ ನನಗೂ ನ್ಯಾಯವಾಗಿಯೇ ಕಂಡಿತು.

ಮೊದಲ ಅರ್ಧ ಗಂಟೆ ನಾವು ಮುಂದಕ್ಕೆ ಹೋಗಲಿಲ್ಲ, ಸುತ್ತಿದೆವು. ನಾನು ಬಲಕ್ಕೆ ಎಳೆದರೆ ಅವರೂ ಬಲಕ್ಕೆ, ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುವುದು. "ನಕ್ಷೆ ಬರೆಯೋವಾಗ ಎಡ ಬಲ ಗೊತ್ತಾಗುತ್ತಲ್ಲ ನಿಮಗೆ?" ಎಂದೆ. "ನಕ್ಷೆ ಅಲ್ಲಾಡಲ್ಲ" ಎಂದರು.

ಆಮೇಲೆ ದೋಣಿಗೆ ಏನೋ ತಗುಲಿ ನಿಂತಿತು. ನೋಡಿದರೆ, ಮೇಲಿನ ಯಾವುದೋ ಊರಿನಲ್ಲಿ ಬೆಳಿಗ್ಗೆಯೇ ವಿಸರ್ಜಿಸಿದ ದುರ್ಗಾ ಮೂರ್ತಿ. ಮಣ್ಣೆಲ್ಲ ಕರಗಿ, ಬಿದಿರು ಹುಲ್ಲಿನ ಮೈ ಮಾತ್ರ ಉಳಿದು, ಒಂದು ತೋಳು ಮೇಲೆತ್ತಿ ನಮ್ಮ ದೋಣಿಯ ಮೂತಿ ಹಿಡಿದುಕೊಂಡಿದೆ. ನಮ್ಮವರು ಹಿಂದಿನಿಂದ ಹುಟ್ಟು ನೀಡಿ ತಿವಿಯತೊಡಗಿದರು.

"ಅಯ್ಯೋ, ಅಮ್ಮನವರನ್ನ ಕೋಲಲ್ಲಿ ನೂಕ್ತೀರಾ? ವಿಜಯದಶಮಿ ದಿನ!"

"ಮತ್ತೆ ಹೇಗೆ ನೂಕ್ಲಿ? ಅರ್ಜಿ ಕೊಡ್ಲಾ?"

ನಾನೇ ಬಗ್ಗಿ, ಕೈಮುಗಿದು, "ತಾಯಿ, ದಾರಿ ಬಿಡಮ್ಮ" ಎಂದು ಎರಡೂ ಕೈಯಿಂದ ಆ ಹುಲ್ಲಿನ ತೋಳನ್ನು ಬಿಡಿಸಿದೆ. ಒಂಬತ್ತು ದಿನ ಪೂಜೆ ಮಾಡಿದ ಕೈಗೆ ಹತ್ತನೆಯ ದಿನ ಅವಳನ್ನು ಕಳಿಸಿಕೊಡುವ ಕೆಲಸವೂ ಸಿಕ್ಕಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕಮೀಜಿನ ತೋಳು ಕೆಸರಾಯಿತು.

ಮೊದಲ ಬಿಡಾರ

ಸಂಜೆ ಮಾವಿನ ತೋಪೊಂದರ ಪಕ್ಕ ಟೆಂಟ್ ಹಾಕಿದೆವು. ಹಾಕಿದೆವು ಎಂದರೆ, ಕರ್ನಲ್ ಕೊಟ್ಟ ಚೀಟಿಯನ್ನು ಅವರು ಓದಿದರು, ನಾನು ಹಾಕಿದೆ. ನಿಂತಿತು ಎನ್ನುವಷ್ಟರಲ್ಲಿ ಕೂತಿತು. ಮೂರನೆಯ ಸಲಕ್ಕೆ ನಿಂತಾಗ ಒಂದು ಕಡ್ಡಿ ಕೈಯಲ್ಲೇ ಉಳಿದಿತ್ತು. ಅದು ಎಲ್ಲಿಗೆಂದು ಇಬ್ಬರಿಗೂ ತಿಳಿಯಲಿಲ್ಲ. ಅದನ್ನು ಒಗೆದ ಟವೆಲ್ ಒಣಗಿಸುವುದಕ್ಕೆ ನೆಟ್ಟೆ.

ಸೊಳ್ಳೆಗಳ ವಿಷಯ ಬರೆಯುವುದಿಲ್ಲ. ಬರೆದರೆ ಹಾಳೆ ಸಾಲದು.

ಆದರೂ ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. ಚಪಾತಿ, ಚಟ್ನಿಪುಡಿ, ಮೊಸರನ್ನ ಬಿಚ್ಚಿ ನೀರಿನ ಪಕ್ಕ ಕುಳಿತಾಗ, ದೂರದ ಊರಿನಲ್ಲಿ ರಾವಣ ಸಿಡಿಯುವ ಸದ್ದು ಕೇಳಿಸಿತು. ರಾಮಲೀಲೆಯ ನೂಕುನುಗ್ಗಲಿಲ್ಲ, ಧೂಳಿಲ್ಲ, ಚಪ್ಪಲಿ ಕಳೆದುಕೊಳ್ಳುವ ಭಯವಿಲ್ಲ. ದೆಹಲಿಗೆ ಬಂದ ಮೇಲೆ ಅಷ್ಟು ನೆಮ್ಮದಿಯಾಗಿ ನಾನು ರಾವಣನನ್ನು ಸುಡಿಸಿಕೊಂಡದ್ದಿಲ್ಲ. ನಮ್ಮವರು ಮೂರು ಸಲ ಅನ್ನ ಕೇಳಿ ಹಾಕಿಸಿಕೊಂಡರು. ಮನೆಯಲ್ಲಿ ಎರಡನೆಯ ಸಲವೇ ಬೇಡವೆನ್ನುವ ಮನುಷ್ಯ.

ಏಕಾದಶಿ

ಬೆಳಗಿನ ಜಾವ ಸ್ನಾನಕ್ಕೆ ಇಳಿದೆ. ಹಳ್ಳಿಯವರು ಕಟ್ಟಿದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಸರಪಳಿ. ಹಿಮಾಲಯದಿಂದ ಇಳಿದ ನೀರಿನ ಚಳಿ ಅಷ್ಟು ದೂರ ಬಂದರೂ ಹೋಗಿರಲಿಲ್ಲ. ಮೂರು ಮುಳುಗು ಹಾಕಿದೆ. ಮೊದಲನೆಯದರಲ್ಲಿ ಉಸಿರು ಹೋಯಿತು, ಎರಡನೆಯದರಲ್ಲಿ ಬಂತು, ಮೂರನೆಯದರಲ್ಲಿ ಮೇಲೇಳುವ ಮನಸ್ಸೇ ಇರಲಿಲ್ಲ. ನೀಲಿ ಮಿಂಚುಳ್ಳಿಯೊಂದು ಸರಪಳಿಯ ಕಂಬದ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. ಈ ಒಂದು ಸ್ನಾನಕ್ಕೆ ಸಲ್ವಾರನ್ನೂ ಸೊಳ್ಳೆಯನ್ನೂ ಕ್ಷಮಿಸಿದೆ.

ಅವತ್ತು ಮಧ್ಯಾಹ್ನಕ್ಕೇ ಲಾಕ್ ತಲುಪಬೇಕಿತ್ತು. ತಲುಪದಿದ್ದದ್ದಕ್ಕೆ ಕಾರಣ ಎಮ್ಮೆ. ಒಂದು ತಿರುವಿನಲ್ಲಿ ನೀರಿನ ಮೇಲೆ ಕಪ್ಪು ಬಂಡೆಗಳು ಕಂಡವು. ಬಂಡೆಗಳು ಉಸಿರು ಬಿಟ್ಟವು. ಇಪ್ಪತ್ತಕ್ಕೂ ಹೆಚ್ಚು ಎಮ್ಮೆಗಳು ದಡದಿಂದ ದಡಕ್ಕೆ ಈಜುತ್ತಿವೆ, ನಾವು ನಟ್ಟನಡುವೆ. ಒಂದು ಎಮ್ಮೆ ನಮ್ಮವರ ಮೊಣಕೈಯ ಪಕ್ಕದಲ್ಲೇ ಫುಸ್ಸೆಂದಿತು. ಇವರು ಹೌಹಾರಿ ಎರಡೂ ಕೈ ಮೇಲೆತ್ತಿದರು. ಹುಟ್ಟು ಹೋಯಿತು.

"ಹಿಡ್ಕೊಳ್ಳೇ!"

"ಹಿಂದೆ ಕೂತವರು ನೀವು, ನಾನು ಹೇಗೆ ಹಿಡ್ಕೊಳ್ಳಲಿ?"

ಹುಟ್ಟು ನಮಗಿಂತ ಮೊದಲು ಲಾಕ್ ನೋಡುವ ಉತ್ಸಾಹದಲ್ಲಿ ತೇಲಿಕೊಂಡು ಹೊರಟಿತು. ಅದರ ಹಿಂದೆ ನಾನೊಬ್ಬಳೇ, ಉಪವಾಸದ ಹೊಟ್ಟೆಯಲ್ಲಿ, ಅವರನ್ನೂ ಸಾಮಾನನ್ನೂ ಎಳೆದುಕೊಂಡು ಹುಟ್ಟು ಹಾಕಿದೆ. ಎಮ್ಮೆ ಕಾಯುವವರು ಈಜಿ ಹೋಗಿ ತಂದುಕೊಡುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ನನ್ನ ಭುಜ ನನ್ನದಾಗಿ ಉಳಿದಿರಲಿಲ್ಲ. ಲಾಕಿಗೆ ಇನ್ನು ಮೂರು ಕಿಲೋಮೀಟರಿದೆ ಎಂದಾಗ ದಡಕ್ಕೆ ಬಂದೆವು.

"ಒಳ್ಳೆಯದೇ ಆಯ್ತು. ಬೆಳಿಗ್ಗೆ ಎಳೆಬಿಸಿಲಲ್ಲಿ ಒಳಗೆ ಹೋಗೋಣ" ಎಂದರು ನಮ್ಮವರು. ಮುಖದಲ್ಲಿ ಮಾತ್ರ ಒಳ್ಳೆಯದಾದ ಲಕ್ಷಣವಿರಲಿಲ್ಲ. ಪದೇ ಪದೇ ನೀರಿನ ಅಂಚಿಗೆ ಹೋಗಿ ನೋಡಿ ಬರುತ್ತಿದ್ದರು.

ನಾಲೆಯ ಪಕ್ಕ ಬೆಳೆದವಳಿಗೆ ಹೇಳಿಕೊಡಬೇಕೆ? ನಾನೂ ನೋಡಿದೆ. ದಡದ ಕಲ್ಲಿನ ಮೇಲೆ ಒಂದು ಗೇಣಿನಷ್ಟು ಒದ್ದೆಯ ಪಟ್ಟಿ. ನೀರು ಇಳಿಯುತ್ತಿತ್ತು.

ಅಷ್ಟರಲ್ಲಿ ಹತ್ತಿರದ ಹಳ್ಳಿಯ ಒಬ್ಬಾಕೆ, ಅರವತ್ತು ದಾಟಿದವಳು, ಹಿತ್ತಾಳೆಯ ಚೊಂಬಿನಲ್ಲಿ ಹಾಲು ತಂದಳು. ಬಿಮ್ಲಾ ಎಂದು ಹೆಸರು. ನನಗೆ ಎಷ್ಟು ಮಕ್ಕಳು, ಗಂಡುಮಗ ಯಾಕಿಲ್ಲ, ಮಗಳಿಗೆ ಯಾಕಿನ್ನೂ ಮದುವೆಯಿಲ್ಲ ಎಲ್ಲವನ್ನೂ ಎರಡು ನಿಮಿಷದಲ್ಲಿ ಕೇಳಿ ಮುಗಿಸಿದಳು. ಏಕಾದಶಿಯೆಂದು ತಿಳಿದ ಮೇಲೆ ಮನೆಗೆ ವಾಪಸು ಹೋಗಿ ಎರಡು ಬಾಳೆಹಣ್ಣನ್ನೂ ತಂದಳು. ಊರಿಲ್ಲ, ಪರಿಚಯವಿಲ್ಲ, ದೇವರು ಯಾರ ಕೈಯಲ್ಲಿ ಏನು ಕಳಿಸುತ್ತಾನೋ. ನಾನು ಹಾಲು ಕುಡಿದು ಮುಗಿಸಿದ ಮೇಲೆ ಕೇಳಿದಳು: "ಪರ್ ಬಹನ್‌ಜಿ, ಆಜ್ ಕ್ಯೋಂ ಆಯೇ? ಪಾನಿ ತೋ ಬಂದ್ ಹೋ ಗಯಾ. ಸವೇರೇ ತಕ್ ಕೀಚಡ್." ಇವತ್ತೇಕೆ ಬಂದಿರಿ, ನೀರು ನಿಲ್ಲಿಸಿಬಿಟ್ಟಿದ್ದಾರೆ, ಬೆಳಗಾದರೆ ಬರೀ ಕೆಸರು ಎಂದು.

ನಾನು ನಮ್ಮವರ ಕಡೆ ತಿರುಗಿದೆ. ಅವರು ಸ್ಟವ್ ಸರಿಮಾಡುವುದರಲ್ಲಿ ಮುಳುಗಿದ್ದರು. ಸ್ಟವ್ ಕೆಟ್ಟಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಕಾಗದ ಬಂದಿತ್ತು."

"ಯಾವಾಗ?"

"ಪ್ರತಿ ವರ್ಷ ಬರುತ್ತೆ. ಹೂಳು ತೆಗೆಯೋಕೆ ದಸರಾ ರಾತ್ರಿ ಹರಿದ್ವಾರದಲ್ಲಿ ಬಾಗಿಲು ಹಾಕ್ತಾರೆ. ದೀಪಾವಳಿಗೆ ಬಿಡ್ತಾರೆ."

"ಗೊತ್ತಿದ್ದೂ ದಸರಾ ದಿನ ದೋಣಿ ಹತ್ತಿಸಿದ್ರಾ ನನ್ನನ್ನ?"

"ಲೆಕ್ಕ ಸರಿಯಾಗೇ ಇತ್ತು ಕಣೇ" ಎಂದರು, ತಲೆ ಎತ್ತದೆ. "ನೀರು ಇಲ್ಲಿಯವರೆಗೆ ಇಳಿಯೋಕೆ ಒಂದು ದಿನಕ್ಕೂ ಮೇಲೆ ಬೇಕು. ಅದಲ್ಲದೆ ಬಾಗಿಲು ಹಾಕೋದು ಎರಡು ದಿನವಾದ್ರೂ ತಡ ಆಗುತ್ತೆ ಅಂದ್ಕೊಂಡೆ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಹೇಳಿದ ದಿನ ಶುರುವಾದ ಒಂದು ಸರ್ಕಾರಿ ಕೆಲಸವನ್ನೂ ನಾನು ನೋಡಿಲ್ಲ."

ಜಗತ್ತಿನಲ್ಲಿ ಇನ್ನೊಬ್ಬ ಮನುಷ್ಯ ಇಂಥ ತಪ್ಪು ಮಾಡಲಾರ. ಸರ್ಕಾರ ತಡಮಾಡುತ್ತದೆಂದು ಇಷ್ಟು ಭಕ್ತಿಯಿಂದ ನಂಬಲು ಸರ್ಕಾರಿ ನೌಕರನೇ ಆಗಬೇಕು.

"ನಾಳೆ ನನ್ನ ಸ್ನಾನ? ಪಾರಣೆ?"

ಅವರು ಮತ್ತೆ ಸ್ಟವ್ ತಿರುಗಿಸತೊಡಗಿದರು. ಬಿಮ್ಲಾ ಚೊಂಬು ಎತ್ತಿಕೊಂಡು, ಗಂಡಹೆಂಡತಿಯ ಜಗಳಕ್ಕೆ ಭಾಷೆ ಬೇಕಿಲ್ಲವೆಂಬಂತೆ ನನ್ನ ಬೆನ್ನು ತಟ್ಟಿ ಹೋದಳು.

ದ್ವಾದಶಿ

ಬೆಳಿಗ್ಗೆ ಗಂಗೆ ಇರಲಿಲ್ಲ.

ನಿನ್ನೆ ಎಮ್ಮೆ ಈಜಿದ್ದ ಆ ಅಗಲವಾದ ನೀರಿನ ಜಾಗದಲ್ಲಿ ಕೆಸರು, ಅಲ್ಲಲ್ಲಿ ಹೊಂಡ. ರಾತ್ರಿ ನೀರಿನ ಅಂಚಿನಲ್ಲಿ ಕಟ್ಟಿದ್ದ ಕಯಾಕ್ ದಡದ ಇಳಿಜಾರಿನಲ್ಲಿ ಬಾಲ ಮೇಲೆ ಮಾಡಿ ಹಗ್ಗದಲ್ಲಿ ನೇತಾಡುತ್ತಿತ್ತು. ಹಳ್ಳಿಯ ಜನವೆಲ್ಲ ಬುಟ್ಟಿ, ಬಕೆಟ್ಟು ಹಿಡಿದು ನಾಲೆಯ ಒಳಗೆ. ಕೆಲವರು ಹೊಂಡದಲ್ಲಿ ಸಿಕ್ಕಿಬಿದ್ದ ಮೀನು ಬಾಚುತ್ತಿದ್ದರು, ಕೆಲವರು ಯಾತ್ರಿಕರು ಎಸೆದ ಕಾಸಿಗೆ ಕೆಸರು ಜಾಲಿಸುತ್ತಿದ್ದರು. ನಮ್ಮನ್ನು ನೋಡಿದ ಒಬ್ಬ ಕೂಗಿದ: "ಬಾಬೂಜಿ, ಪಹಿಯೇ ಲಗವಾ ಲೋ!" ದೋಣಿಗೆ ಚಕ್ರ ಹಾಕಿಸಿಕೊಳ್ಳಿ ಎಂದು. ಇಡೀ ನಾಲೆ ನಕ್ಕಿತು.

ನಮ್ಮವರು ನಗಲಿಲ್ಲ. ಟೆಂಟಿನೊಳಗೆ ಹೋಗಿ ಗೋಡೆಯ ಕಡೆ, ಅಂದರೆ ಬಟ್ಟೆಯ ಕಡೆ, ಮುಖ ಮಾಡಿ ಕುಳಿತರು.

"ಕರ್ನಲ್‌ಗೆ ಫೋನ್ ಮಾಡು. ಹೋಗೋಣ."

"ಲಾಕು?"

"ದೋಣಿ ಹೋಗಲ್ಲ. ಇನ್ನೇನು ನೋಡೋದು? ಮುಗೀತು. ಮಾರ್ಚಿಗೆ ಎಲ್ಲ ಮುಗಿಯುತ್ತೆ."

ಆ ಮಾತಿನ ಧ್ವನಿ ನನಗೆ ಹಿಡಿಸಲಿಲ್ಲ. ನಾನು ಹಿಂದಿನ ದಿನದಿಂದ ಹಸಿದವಳು. ಸ್ನಾನವಾಗದೆ ಪಾರಣೆಯಿಲ್ಲ, ಸ್ನಾನಕ್ಕೆ ನೀರಿಲ್ಲ. ಭುಜ ನೋವು, ಸೊಳ್ಳೆ ಕಚ್ಚಿ ಕಿವಿ ಊದಿದೆ. ಇಷ್ಟೆಲ್ಲ ಇವರ ಒಂದು ಇಟ್ಟಿಗೆಯ ಕೋಣೆಗಾಗಿ. ಅದನ್ನೂ ನೋಡದೆ ವಾಪಸು ಹೋಗಬೇಕಂತೆ! ಸಿಟ್ಟು ನೆತ್ತಿಗೇರಿತು.

"ಎದ್ದೇಳ್ರೀ. ನೀರು ಹೋದ್ರೆ ಹೋಯ್ತು, ಇಟ್ಟಿಗೆ ಎಲ್ಲಿಗೆ ಹೋಗಿದೆ? ಮೂರು ಕಿಲೋಮೀಟರ್ ತಾನೆ? ಕಾಲಿದೆಯಲ್ಲ?"

"ನೀರಿನ ಮೇಲೆ ಹೋಗ್ಬೇಕು ಅಂತ..."

"ಆ ಬೇಕುಗಳನ್ನೆಲ್ಲ ಮೂವತ್ತು ವರ್ಷ ಕೇಳಿದ್ದೇನೆ. ಇವತ್ತು ನಡೀರಿ."

ನಡೆದರು. ಊರುಗೋಲಿನ ಹಾಗೆ ಹುಟ್ಟನ್ನು ಹಿಡಿದುಕೊಂಡು, ಮುಖ 'ಉಮ್' ಎಂದು ಇಟ್ಟುಕೊಂಡು. ಮೀನಿಗೆ ಬಂದಿದ್ದ ಬಿಮ್ಲಾಳೂ ಬುಟ್ಟಿ ಹೊತ್ತು, ಕೈಯಲ್ಲಿ ನಿನ್ನೆಯ ಚೊಂಬು ಹಿಡಿದು ನಮ್ಮ ಮುಂದೆ ಮುಂದೆ ಹೊರಟಳು, ನಾವು ದಾರಿ ತಪ್ಪುತ್ತೇವೆಂದು. ನೇರ ನಾಲೆಯ ದಂಡೆಯಲ್ಲಿ ದಾರಿ ತಪ್ಪುವ ಜನರಂತೆಯೇ ಅವಳಿಗೆ ಕಂಡಿರಬೇಕು.

ಲಾಕ್ ಬಂತು. ಬಾಗಿಲುಗಳು ಎಂದೋ ಹೋಗಿವೆ. ಎರಡು ಎತ್ತರದ ಇಟ್ಟಿಗೆಯ ಗೋಡೆಗಳು, ನಡುವೆ ಆಳವಾದ ಖಾಲಿ ಕೋಣೆ, ಗೋಡೆಯ ಸಂದಿಯಲ್ಲೊಂದು ಅರಳಿಯ ಸಸಿ. ನನಗೆ ಅದು ಹಳ್ಳಿಯ ಹಾಳು ಕಲ್ಯಾಣಿಯ ಹಾಗೆ ಕಂಡಿತು. ಇದಕ್ಕೋ ಇಷ್ಟು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಏಕೆಂದರೆ ನಮ್ಮವರು ಉಸಿರಾಡುವುದನ್ನೇ ನಿಲ್ಲಿಸಿ ನೋಡುತ್ತಿದ್ದರು.

ಗೋಡೆಯ ಪಕ್ಕದಲ್ಲಿ ತಳಕ್ಕೆ ಇಳಿಯುವ ಮೆಟ್ಟಿಲುಗಳಿದ್ದವು. ಅವರು ಇಳಿಯತೊಡಗಿದರು, ಒಂದೊಂದನ್ನೂ ಎಣಿಸುತ್ತ. ನೀರಿನ ಕೆಳಗೆ ಇರುವುದನ್ನು ನಕ್ಷೆಯಲ್ಲಿ ಚುಕ್ಕಿಗೆರೆಯಲ್ಲಿ ತೋರಿಸುತ್ತಾರಂತೆ. ಮೇಲಿನ ನಾಲ್ಕು ಮೆಟ್ಟಿಲು ಗಟ್ಟಿ ಗೆರೆ, ಉಳಿದ ಏಳು ಚುಕ್ಕಿ, ಒಟ್ಟು ಹನ್ನೊಂದು. ಹನ್ನೊಂದನೆಯದಕ್ಕೆ ಬಂದು ನಿಂತರು. ಹುಟ್ಟಿನಿಂದ ಮುಂದಿನ ಕೆಸರನ್ನು ತಿವಿದರು. ಠಕ್ ಎಂದಿತು. ಕೆಸರು ಬಳಿದರು, ಮತ್ತೊಂದು ಮೆಟ್ಟಿಲು. ಅದರ ಮುಂದೆ ಇನ್ನೊಂದು.

"ಹದಿಮೂರಿದೆ" ಎಂದರು. "ಬಾ, ನೀನೊಂದು ಸಲ ಎಣಿಸು."

ನಾನು ಕೆಳಗಿನಿಂದ ಮೇಲಕ್ಕೆ ಎಣಿಸಿದೆ. ಹದಿಮೂರು.

ದಡದ ಮೇಲೆ ಕುಳಿತು ಮೀನು ಆರಿಸುತ್ತಿದ್ದ ಬಿಮ್ಲಾ ತಲೆಯೆತ್ತದೆ ಹೇಳಿದಳು: "ತೇರಹ್ ಹೀ ಹೈಂ ಜೀ. ಹರ್ ಸಾಲ್ ಯಹೀಂ ಬರ್ತನ್ ಮಾಂಜತೇ ಹೈಂ." ಪ್ರತಿ ವರ್ಷ ನೀರು ನಿಂತಾಗ ಅವರು ಪಾತ್ರೆ ಉಜ್ಜುವುದು ಅದೇ ಹದಿಮೂರನೆಯ ಮೆಟ್ಟಿಲಿನ ಮೇಲಂತೆ.

ನಮ್ಮವರು ಆ ಕೆಸರಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. "ಇಷ್ಟು ವರ್ಷ ತಪ್ಪು ಬರೆದೆನಲ್ಲೇ."

ನನಗೆ ಭಯವಾಯಿತು. ನಾನೇ ಹಟ ಹಿಡಿದು ಎಳೆದುಕೊಂಡು ಬಂದದ್ದು. ದೂರದಿಂದ ನೋಡಿಕೊಂಡು ಹೋಗಿದ್ದರೆ ಹನ್ನೊಂದೇ ಉಳಿಯುತ್ತಿತ್ತು. "ನೀವೊಬ್ಬರೇ ಅಲ್ಲ, ನಿಮಗಿಂತ ಮುಂಚಿನವರೂ ಹಾಗೇ ಬರೆದಿದ್ದಾರಲ್ಲ, ಅದನ್ನ ನೋಡಿ ತಾನೆ ನೀವು ಬರೆದದ್ದು" ಎಂದೆ.

ಅವರು ಇಟ್ಟಿಗೆಯ ಮೇಲೆ ಅಂಗೈ ಇಟ್ಟು ಸವರುತ್ತಿದ್ದರು. ಆಮೇಲೆ ನಕ್ಕರು. ಜೋರಾಗಿಯೇ ನಕ್ಕರು. "ದೋಣಿಯಲ್ಲಿ ಬಂದಿದ್ರೆ ಇದರ ಮೇಲೇ ತೇಲ್ಕೊಂಡು ಹೋಗ್ತಿದ್ದೆ ಕಣೇ. ಹನ್ನೊಂದು ಅಂದ್ಕೊಂಡೇ ರಿಟೈರ್ ಆಗ್ತಿದ್ದೆ."

ಆಗ ನನ್ನ ಕಣ್ಣಿಗೆ ಅದು ಬಿತ್ತು. ಕೋಣೆಯ ಮೂಲೆಯಲ್ಲಿ, ತಳ ತುಸು ತಗ್ಗಾದ ಕಡೆ, ಒಂದು ಹಾಸಿಗೆಯಷ್ಟು ಅಗಲದ ನೀರು ನಿಂತಿತ್ತು. ನಾಲೆಯ ಹೊಂಡಗಳಂತೆ ಕಲಕಿರಲಿಲ್ಲ. ಗೋಡೆಯ ನೆರಳಿನಲ್ಲಿ ಮಣ್ಣೆಲ್ಲ ಕೆಳಗೆ ಕೂತು, ತಿಳಿಯಾಗಿತ್ತು. ಊರೆಲ್ಲ ಬಿಟ್ಟುಹೋದ ಗಂಗೆ ಅಲ್ಲಿ ನನಗಾಗಿ ಒಂದಿಷ್ಟು ಉಳಿದಿದ್ದಳು. ನಮ್ಮವರು ಎದ್ದು ಆ ಕಡೆಗೇ ಹೆಜ್ಜೆ ಹಾಕಿದರು.

"ಶೂ ಬಿಚ್ಚಿ!" ಎಂದು ಕೂಗಿದೆ. ಎರಡು ಗೋಡೆಗಳ ನಡುವೆ ಆ ಕೂಗು ಮೂರು ಸಲ ಕೇಳಿಸಿತು.

ಬಿಚ್ಚಿದರು. ಬಿಚ್ಚಿ, ಮೆಟ್ಟಿಲ ಮೇಲೆ ಜೋಡಿಸಿಟ್ಟರು. ನಾನು ಬಿಮ್ಲಾಳ ಚೊಂಬಿನಲ್ಲಿ ಮೊಗೆದು ತಲೆಯ ಮೇಲೆ ಸುರಿದುಕೊಂಡೆ. ಚೀಲದಿಂದ ಒಣಗಿಸಿದ ನೆಲ್ಲಿಕಾಯಿಯ ಚೂರು ತೆಗೆದು, ಕೃಷ್ಣಾರ್ಪಣವೆಂದು ಬಾಯಿಗೆ ಹಾಕಿಕೊಂಡೆ. ಅಗಸೆ ಸೊಪ್ಪಿಲ್ಲ, ಹೆಸರುಬೇಳೆಯಿಲ್ಲ, ಎಲೆಯಿಲ್ಲ. ಹಿಂದಿನ ದಿನದ ಬಾಳೆಹಣ್ಣಿತ್ತು. ಪಾರಣೆಯಾಯಿತು.

ಮರಳಿ

ಕಯಾಕ್ ಟ್ರ್ಯಾಕ್ಟರಿನ ಮೇಲೆ ರಸ್ತೆಗೆ ಬಂತು, ಬಿಮ್ಲಾಳ ಮಗನ ದಯೆಯಿಂದ. ಕರ್ನಲ್ ವ್ಯಾನಿಗೆ ಒರಗಿ ನಿಂತು ನಮ್ಮ ಕೆಸರಿನ ಅವತಾರ ನೋಡಿ, "ಏನು ಸಿಸ್ಟರ್, ಸಬ್‌ಮರೀನ್ ಮಾಡ್ಕೊಂಡ್ರಾ?" ಎಂದರು. ನಾನು ಅವರ ಜೊತೆ ನೋಯ್ಡಾವರೆಗೂ ಮಾತಾಡಲಿಲ್ಲ.

ಮನೆಗೆ ಬಂದು ನಲ್ಲಿ ತಿರುಗಿಸಿದರೆ ಗಾಳಿ ಬಂತು. ನಮ್ಮ ಕಡೆಗೆ ಬರುವುದೂ ಆ ನಾಲೆಯ ನೀರೇ ಅಂತೆ. ಅದೂ ಇವರಿಗೆ ಗೊತ್ತಿತ್ತಂತೆ. "ಮಮ್ಮಿ, ಟ್ಯಾಂಕರ್ ವಾಲೇ ಭಯ್ಯಾ ಸಂಜೆ ಬರ್ತಾರೆ" ಎಂದಳು ಶ್ರುತಿ, ಮೂಗು ಮುಚ್ಚಿಕೊಂಡು. ಬೊಂಬೆಗಳನ್ನು ಮಾತ್ರ ಸರಿಯಾಗಿ ಮಲಗಿಸಿದ್ದಳು, ಒಂದೊಂದಕ್ಕೂ ಹೊದಿಕೆ ಹೊದಿಸಿ.

ರಜೆ ಮುಗಿದು ಆಫೀಸು ತೆರೆದ ದಿನ ನಮ್ಮವರು ಒಂದು ಗಂಟೆ ಮೊದಲೇ ಹೋದರು. ಸಂಜೆ ಬಂದಾಗ ಬೆರಳ ತುದಿಯಲ್ಲಿ ಕಪ್ಪು ಶಾಯಿ. ಕಾಫಿ ಕೊಟ್ಟು, ಏನಾಯಿತೆಂದು ಕೇಳಿದೆ. ಸೈಟಿಗೆ ಹೋಗಲು ಯಾರ ಅನುಮತಿ ಇತ್ತೆಂದು ಮೇಲಿನವರು ಕೇಳಿದರಂತೆ. ಸ್ವಂತ ಖರ್ಚಿನಲ್ಲಿ ಸೀಮೋಲ್ಲಂಘನಕ್ಕೆ ಹೋಗಿದ್ದೆ ಎಂದರಂತೆ.

"ತಿದ್ದೋಕೆ ಬಿಟ್ರಾ?"

"ತಿದ್ದಿದೆ. ಕಂಡದ್ದಕ್ಕೆ ಚುಕ್ಕಿ ಯಾಕೆ, ಹದಿಮೂರೂ ಗಟ್ಟಿ ಗೆರೆ. ಷರಾ ಕಾಲಂನಲ್ಲೂ ಬರೆದೆ."

"ಏನಂತ?"

"ಕೆಳಗಿನ ಮೆಟ್ಟಿಲುಗಳನ್ನು ಸ್ಥಳದಲ್ಲಿ ಇಳಿದು ಎಣಿಸಲಾಗಿದೆ. ಎಣಿಸಿದವರು ಇಬ್ಬರು. ಅಂತ."

ಕೆಳಗೆ ಅವರ ಸಹಿ ಇದೆಯಂತೆ.

"ಎರಡನೆಯವರ ಹೆಸರು?" ಎಂದೆ.

ಕಾಫಿ ಲೋಟದ ಮೇಲಿಂದ ನನ್ನನ್ನು ನೋಡಿದರು. "ಕಾಲಂನಲ್ಲಿ ಜಾಗ ಅಷ್ಟೇ ಇತ್ತು ಕಣೇ."